ಮನೆಯ ಸಾಮಾನುಗಳಿಂದಲೇ ಎಣಿಕೆ ಮತ್ತು ವಿಜ್ಞಾನ: ನಾಲ್ಕೂವರೆ ವರ್ಷದ ಮಗುವಿಗೆ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ವಿದ್ಯಾನಗರದ ತಾಯಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ನಾಲ್ಕೂವರೆ ವರ್ಷ. ಮಗ ಎರಡನೆಯ ತರಗತಿಯಲ್ಲಿದ್ದಾನೆ. ಮಗಳು ಒಂದರಿಂದ ನೂರರವರೆಗೆ ಎಲ್ಲೂ ತಡವರಿಸದೆ ಹೇಳುತ್ತಾಳೆ. ಆದರೆ ಮೊನ್ನೆ ಅಡುಗೆಮನೆಯಲ್ಲಿ "ಏಳು ನಿಂಬೆಹಣ್ಣು ತಂದುಕೊಡು" ಎಂದಾಗ ಬುಟ್ಟಿಯಿಂದ ಕೈಗೆ ಸಿಕ್ಕಷ್ಟನ್ನು ತಂದಿಟ್ಟಳು. ಎಣಿಸು ಎಂದರೆ ಒಂದೇ ಹಣ್ಣಿನ ಮೇಲೆ ಎರಡು ಸಲ ಬೆರಳಿಟ್ಟಳು, ಪಕ್ಕದ್ದನ್ನು ಬಿಟ್ಟಳು, ಬಾಯಿ ಮಾತ್ರ ಓಡುತ್ತಲೇ ಇತ್ತು. "ಹಾಗಾದರೆ ಒಟ್ಟು ಎಷ್ಟಾಯಿತು?" ಎಂದು ಕೇಳಿದರೆ ಉತ್ತರ ಹೇಳುವ ಬದಲು ಮತ್ತೆ ಮೊದಲಿನಿಂದ ಎಣಿಸತೊಡಗಿದಳು. ಇದು ಈ ವಯಸ್ಸಿಗೆ ಸಹಜವೋ ಅಥವಾ ನಾವು ಗಮನ ಕೊಡಬೇಕಾದ ಸಂಗತಿಯೋ ತಿಳಿಯುತ್ತಿಲ್ಲ.

ಮಗನ ವಿಷಯ ಬೇರೆ. ಅವನಿಗೆ ಪರಿಸರ ಅಧ್ಯಯನದ ಪ್ರಶ್ನೋತ್ತರಗಳು ಬಾಯಿಪಾಠವಾಗಿವೆ, ಆದರೆ ತಾನಾಗಿ ಏನನ್ನಾದರೂ ಮಾಡಿ ನೋಡುವ ಅವಕಾಶ ಸಿಗುತ್ತಿಲ್ಲ. ಮೊಬೈಲಿನಲ್ಲಿ ಅಡುಗೆ ಸೋಡಾದ ಜ್ವಾಲಾಮುಖಿ ನೋಡಿ ಅದನ್ನೇ ಮಾಡಿಸೆಂದು ಹಟ ಹಿಡಿದಿದ್ದಾನೆ. ದುಡ್ಡು ಕೊಟ್ಟು ತರಗತಿಗೆ ಸೇರಿಸುವ ಉದ್ದೇಶ ನಮಗಿಲ್ಲ. ಸಂಜೆ ಅರ್ಧ ಗಂಟೆ ನಾನು ಬಿಡುವು ಮಾಡಿಕೊಳ್ಳಬಲ್ಲೆ. ಅತ್ತೆಯವರಿಗೆ ಮೊಮ್ಮಕ್ಕಳ ಜೊತೆ ಕೂರಲು ಸಮಯವೂ ಇದೆ, ಆಸೆಯೂ ಇದೆ. ಆದರೆ "ನಾನು ಹೆಚ್ಚು ಓದಿದವಳಲ್ಲ, ನನಗೆ ಏನು ಗೊತ್ತಾಗುತ್ತದೆ" ಎಂದು ಹಿಂಜರಿಯುತ್ತಾರೆ. ಮನೆಯಲ್ಲಿರುವ ಸಾಮಾನುಗಳಿಂದಲೇ ಇಬ್ಬರು ಮಕ್ಕಳಿಗೂ ಏನು ಮಾಡಿಸಬಹುದು, ಮಗು ನಿಜವಾಗಿ ಅರ್ಥ ಮಾಡಿಕೊಂಡಿದೆ ಎಂದು ತಿಳಿಯುವುದು ಹೇಗೆ, ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ, ಚಿತ್ರದುರ್ಗ

ತಾಯಿ, ನೀವು ಬರೆದಿರುವುದರಲ್ಲಿ ಗಾಬರಿಪಡುವಂಥದ್ದು ಏನೂ ಇಲ್ಲ. ಸಂಖ್ಯೆಗಳ ಹೆಸರನ್ನು ಸಾಲಾಗಿ ಹೇಳುವುದು ಒಂದು ಕಲಿಕೆ. ಆ ಹೆಸರುಗಳಿಂದ ವಸ್ತುಗಳನ್ನು ಎಣಿಸುವುದು ಬೇರೆಯೇ ಕಲಿಕೆ, ಮತ್ತು ಅದು ನಿಧಾನವಾಗಿ ಬರುತ್ತದೆ. 1978ರಲ್ಲಿ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಎಣಿಕೆಯ ಒಳಗೆ ಅಡಗಿರುವ ಐದು ನಿಯಮಗಳನ್ನು ಬಿಡಿಸಿ ತೋರಿಸಿದರು. ಒಂದು ವಸ್ತುವಿಗೆ ಒಂದೇ ಸಂಖ್ಯೆಯ ಹೆಸರು ಸಲ್ಲಬೇಕು. ಹೆಸರುಗಳ ಕ್ರಮ ಬದಲಾಗಬಾರದು. ಕೊನೆಗೆ ಹೇಳಿದ ಹೆಸರೇ ಒಟ್ಟು ಮೊತ್ತ. ಎಂಥ ವಸ್ತುವನ್ನಾದರೂ ಎಣಿಸಬಹುದು. ಯಾವ ತುದಿಯಿಂದ ಆರಂಭಿಸಿದರೂ ಮೊತ್ತ ಬದಲಾಗದು. ನಿಮ್ಮ ಮಗಳಿಗೆ ಎರಡನೆಯ ನಿಯಮ ಗಟ್ಟಿಯಾಗಿದೆ. ಮೊದಲನೆಯದರಲ್ಲಿ ಕೈ ಮತ್ತು ಬಾಯಿ ಇನ್ನೂ ಹೊಂದಿಕೊಂಡಿಲ್ಲ. "ಒಟ್ಟು ಎಷ್ಟು?" ಎಂದಾಗ ಮತ್ತೆ ಮೊದಲಿನಿಂದ ಎಣಿಸುವುದು ಮೂರನೆಯ ನಿಯಮ ಇನ್ನೂ ಬಂದಿಲ್ಲ ಎಂಬುದರ ಗುರುತು, ಆ ಪ್ರಶ್ನೆಯನ್ನು ಅವಳು "ಎಣಿಸಿ ತೋರಿಸು" ಎಂಬ ಅಪ್ಪಣೆಯೆಂದೇ ತಿಳಿಯುತ್ತಾಳೆ.

ಮಗು ಎಲ್ಲಿದೆ ಎಂದು ತಿಳಿಯುವುದಕ್ಕೆ ನೀವು ಗೊತ್ತಿಲ್ಲದೆಯೇ ಸರಿಯಾದ ಪರೀಕ್ಷೆಯನ್ನು ಮಾಡಿದ್ದೀರಿ. ಇಂತಿಷ್ಟು ತಂದುಕೊಡು ಎಂದು ಕೇಳುವ ಈ ವಿಧಾನದಿಂದ ಕರೆನ್ ವಿನ್ ಎಂಬ ಸಂಶೋಧಕಿ 1990ರ ದಶಕದ ಆರಂಭದಲ್ಲಿ ತೋರಿಸಿದ್ದೇನೆಂದರೆ, ಹತ್ತರವರೆಗೆ ಹೇಳಬಲ್ಲ ಮಕ್ಕಳು ಕೂಡ ಮೊದಲು "ಒಂದು" ಎಂಬುದರ ಅರ್ಥವನ್ನಷ್ಟೇ ಹಿಡಿಯುತ್ತಾರೆ. ಹಲವು ತಿಂಗಳ ನಂತರ "ಎರಡು", ಆಮೇಲೆ "ಮೂರು" ಬರುತ್ತದೆ. ಅದಾದ ಮೇಲೆ ಮಿಕ್ಕ ಸಂಖ್ಯೆಗಳ ಅರ್ಥ ಒಟ್ಟಿಗೇ ತೆರೆದುಕೊಳ್ಳುತ್ತದೆ. ಆದ್ದರಿಂದ ಏಳನ್ನು ಸದ್ಯಕ್ಕೆ ಬಿಡಿ. ಒಂದು ವಾರ ಎರಡು ನಿಂಬೆಹಣ್ಣು, ಮೂರು ಚಮಚ, ಎರಡು ಈರುಳ್ಳಿ ಎಂದೇ ಕೇಳಿ. ಮೂರು ತಪ್ಪದೆ ಬಂದರೆ ನಾಲ್ಕಕ್ಕೆ ಹೋಗಿ. ಅವಳು ತಂದುಕೊಟ್ಟಾಗ ಮೊದಲು ಮೊತ್ತವನ್ನು ಹೇಳಿ, ತಕ್ಷಣವೇ ಎಣಿಸಿ: "ಮೂರು ಚಮಚ. ಒಂದು, ಎರಡು, ಮೂರು." ಬರೀ ಎಣಿಸಿ ನಿಲ್ಲಿಸುವುದಕ್ಕಿಂತ, ಬರೀ ಮೊತ್ತ ಹೇಳಿ ಮುಗಿಸುವುದಕ್ಕಿಂತ, ಎರಡನ್ನೂ ಒಂದರ ಹಿಂದೆ ಒಂದಾಗಿ ಕೇಳಿಸಿಕೊಂಡ ಮಗುವಿಗೆ ಅವುಗಳ ಸಂಬಂಧ ಬೇಗ ಹೊಳೆಯುತ್ತದೆ.

ಕೈ ಮತ್ತು ಬಾಯಿಯನ್ನು ಹೊಂದಿಸುವುದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಸಾಧನ ಪಡ್ಡಿನ ಹಂಚು. ಒಲೆಯ ಮೇಲಿಡದ, ತಣ್ಣಗಿರುವ ಹಂಚನ್ನು ಚಾಪೆಯ ಮೇಲಿಟ್ಟು, ಒಂದು ಬಟ್ಟಲಲ್ಲಿ ದೊಡ್ಡ ಗುಂಡಿಗಳನ್ನೋ ಬಾಟಲಿಯ ಮುಚ್ಚಳಗಳನ್ನೋ ಕೊಡಿ. ಒಂದು ಕುಳಿಗೆ ಒಂದು ಮುಚ್ಚಳ, ಅದನ್ನು ಹಾಕುವಾಗ ಒಂದೇ ಹೆಸರು. ಕುಳಿ ತುಂಬಿದ ಮೇಲೆ ಅಲ್ಲಿಗೆ ಮತ್ತೆ ಬೆರಳು ಹೋಗುವ ಹಾಗಿಲ್ಲ. ಖಾಲಿ ಉಳಿದದ್ದು ಕಣ್ಣಿಗೆ ತಾನಾಗಿ ಕಾಣುತ್ತದೆ. ಹಂಚು ಇಲ್ಲದಾಗ ಎಡಗಡೆಯ ತಟ್ಟೆಯಿಂದ ಬಲಗಡೆಯ ತಟ್ಟೆಗೆ ಒಂದೊಂದಾಗಿ ಸರಿಸುತ್ತ ಎಣಿಸಲಿ. ಬೆರಳಿಂದ ಮುಟ್ಟಿ ಎಣಿಸುವುದಕ್ಕಿಂತ ಎತ್ತಿ ಸರಿಸುವುದರಲ್ಲಿ ತಪ್ಪು ಕಡಿಮೆ, ಏಕೆಂದರೆ ಎಣಿಸಿದ್ದು ಮತ್ತು ಎಣಿಸದೆ ಉಳಿದದ್ದು ಬೇರೆ ಬೇರೆ ಜಾಗದಲ್ಲಿರುತ್ತವೆ.

ಇದೇ ಹಂಚು ನಿಮ್ಮ ಮಗನಿಗೂ ಸಲ್ಲುತ್ತದೆ. ಹನ್ನೆರಡು ಕುಳಿಯ ಹಂಚಾದರೆ ಐದು ತುಂಬಿಸಿ "ಇನ್ನೆಷ್ಟು ಬೇಕು?" ಎಂದು ಕೇಳಿ, ಖಾಲಿ ಕುಳಿಗಳನ್ನು ಎಣಿಸದೆ ಹೇಳಲು ಪ್ರಯತ್ನಿಸಲಿ. ಹತ್ತು ಮುಚ್ಚಳಗಳಲ್ಲಿ ಕೆಲವನ್ನು ಬಟ್ಟಲಿನ ಕೆಳಗೆ ಬಚ್ಚಿಟ್ಟು, ಹೊರಗಿರುವವನ್ನು ನೋಡಿ ಒಳಗೆಷ್ಟಿವೆ ಎಂದು ಊಹಿಸುವ ಆಟವನ್ನು ಅಣ್ಣ ತಂಗಿ ಇಬ್ಬರೂ ಆಡಬಹುದು: ತಂಗಿಗೆ ಮೂರೋ ನಾಲ್ಕೋ, ಅಣ್ಣನಿಗೆ ಹತ್ತು.

ಇನ್ನೊಂದು ಮಾತು. ಐದು ಮುಚ್ಚಳಗಳ ಎರಡು ಸಾಲು ಮಾಡಿ, ಒಂದನ್ನು ಒತ್ತೊತ್ತಾಗಿಯೂ ಇನ್ನೊಂದನ್ನು ದೂರ ದೂರವಾಗಿಯೂ ಇಟ್ಟು "ಯಾವುದರಲ್ಲಿ ಹೆಚ್ಚು?" ಎಂದು ಕೇಳಿದರೆ ನಿಮ್ಮ ಮಗಳು ಉದ್ದ ಸಾಲನ್ನೇ ತೋರಿಸುವ ಸಾಧ್ಯತೆ ಬಹಳ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಇದನ್ನು ಕಂಡು ವಿವರಿಸಿದವರು; ಆರೇಳು ವರ್ಷದವರೆಗೂ ಎಷ್ಟೋ ಮಕ್ಕಳು ಹೀಗೆಯೇ ಹೇಳುತ್ತಾರೆ. ದಯವಿಟ್ಟು ಆಗ "ತಪ್ಪು" ಎಂದು ತಿದ್ದಬೇಡಿ. "ಹೌದಾ, ಹೇಗೆ ಗೊತ್ತಾಯಿತು?" ಎಂದಷ್ಟೇ ಕೇಳಿ. ಒಂದೊಂದನ್ನೂ ಎದುರು ಬದುರು ಜೋಡಿಸಿ ನೋಡುವ ಯೋಚನೆ ಅವಳಿಗೇ ಬರುವುದಕ್ಕೆ ಜಾಗ ಕೊಡಬೇಕು.

ಪ್ರತಿಕ್ರಿಯೆ: ವಿದ್ಯಾನಗರದ ತಾಯಿ

ಮೇಷ್ಟ್ರೇ, ತುಂಬ ಧನ್ಯವಾದಗಳು. ನಮ್ಮ ಮನೆಯಲ್ಲಿ ಪಡ್ಡಿನ ಹಂಚು ಇದೆ, ಇವತ್ತೇ ಆರಂಭಿಸುತ್ತೇನೆ. ಮುಚ್ಚಳಗಳ ಬದಲು ಹುಣಸೆ ಬೀಜ, ಶೇಂಗಾ, ಕಡಲೆ ಕೊಡಬಹುದೇ? ಅತ್ತೆಯವರು ಚಿಕ್ಕವರಿದ್ದಾಗ ಗುಲಗಂಜಿಯಲ್ಲಿ ಆಡುತ್ತಿದ್ದರಂತೆ, ಊರಿನಿಂದ ತರಿಸೋಣ ಎನ್ನುತ್ತಿದ್ದಾರೆ.

ಉತ್ತರ: ಅಂಗನವಾಡಿ ಕಾರ್ಯಕರ್ತೆ, ಹೊಳಲ್ಕೆರೆ

ಅಕ್ಕ, ಗುಲಗಂಜಿಯನ್ನು ದಯವಿಟ್ಟು ತರಿಸಬೇಡಿ. ಅದರ ತಿರುಳಿನಲ್ಲಿ ಕಡುವಿಷವಿದೆ. ಗಟ್ಟಿ ಸಿಪ್ಪೆ ಒಡೆಯದಿದ್ದಾಗ ಅಪಾಯ ಕಡಿಮೆಯಾದರೂ, ಮಗು ಅಗಿದು ನುಂಗಿದರೆ ಪ್ರಾಣಕ್ಕೇ ಸಂಚಕಾರ. ನಮ್ಮ ಕಡೆ ಹೊಲದ ಬದುಗಳಲ್ಲಿ ಬೆಳೆಯುವ ಔಡಲದ ಬೀಜವೂ ಹಾಗೆಯೇ. ನೋಡಲು ಚಂದವಾಗಿ ಚುಕ್ಕೆ ಚುಕ್ಕೆಯಾಗಿರುವುದರಿಂದ ಮಕ್ಕಳು ಆರಿಸಿಕೊಂಡು ಬರುತ್ತಾರೆ. ಉಮ್ಮತ್ತಿ ಕಾಯಿಯನ್ನೂ ಮುಟ್ಟಿಸಬಾರದು. ಬಿತ್ತನೆಗೆಂದು ಅಂಗಡಿಯಿಂದ ತಂದ ಮೆಕ್ಕೆಜೋಳದ ಬೀಜಕ್ಕೆ ಗುಲಾಬಿಯೋ ಕೆಂಪೋ ಬಣ್ಣವಿರುತ್ತದೆ. ಅದು ಔಷಧಿ ಹಚ್ಚಿದ ಬೀಜ, ಆಟಕ್ಕೂ ಬೇಡ, ಮೊಳಕೆ ಬರಿಸುವ ಪ್ರಯೋಗಕ್ಕೂ ಬೇಡ.

ಶೇಂಗಾ, ಕಡಲೆ, ಹುಣಸೆ ಬೀಜಗಳಲ್ಲಿ ವಿಷವಿಲ್ಲ, ಆದರೆ ಅಪಾಯ ಬೇರೆ ಇದೆ. ಐದು ವರ್ಷದೊಳಗಿನ ಮಕ್ಕಳು ಇಡೀ ಶೇಂಗಾ ಕಾಳನ್ನು ಬಾಯಿಗೆ ಹಾಕಿಕೊಂಡು ನಗುತ್ತಲೋ ಓಡುತ್ತಲೋ ಇದ್ದರೆ ಅದು ಉಸಿರಿನ ನಾಳಕ್ಕೆ ಹೋಗಬಹುದು. ಮೂಗಿನಲ್ಲಿ ಕಾಳು ತುರುಕಿಕೊಳ್ಳುವ ಮಕ್ಕಳಂತೂ ಪ್ರತಿ ಊರಿನಲ್ಲೂ ಇದ್ದಾರೆ. ಒಳಗಿನ ತೇವಕ್ಕೆ ಕಾಳು ಉಬ್ಬುತ್ತದೆ, ಪಿನ್ನೋ ಕಡ್ಡಿಯೋ ಹಾಕಿ ತೆಗೆಯಲು ಹೋದರೆ ಇನ್ನೂ ಒಳಗೆ ಸರಿಯುತ್ತದೆ, ನೇರವಾಗಿ ವೈದ್ಯರ ಬಳಿಗೇ ಹೋಗಬೇಕು. ಆದ್ದರಿಂದ ಮಗಳಿಗೆ ಸದ್ಯಕ್ಕೆ ಅವಳ ಮುಷ್ಟಿಯಷ್ಟಾದರೂ ದೊಡ್ಡದಿರುವ ನಿಂಬೆಹಣ್ಣು, ಈರುಳ್ಳಿ, ಬಳೆ, ಲೋಟ, ಚಮಚ ಇವೇ ಸಾಕು. ಮೇಷ್ಟ್ರು ಹೇಳಿದ ಮುಚ್ಚಳಗಳನ್ನೂ ಎದುರಿಗೆ ಕೂತಿದ್ದಾಗ ಮಾತ್ರ ಕೊಟ್ಟು, ಆಟ ಮುಗಿದ ಮೇಲೆ ಎಣಿಸಿ ಡಬ್ಬಿಗೆ ಹಾಕಿಸಿ. ಎಣಿಸಿ ತುಂಬುವುದೂ ಆಟದ ಒಂದು ಭಾಗವೇ ಆಗಲಿ. ಗುಂಡಿ ಆಕಾರದ ಬ್ಯಾಟರಿ ಮತ್ತು ಚಿಕ್ಕ ಚಿಕ್ಕ ಬಲವಾದ ಆಯಸ್ಕಾಂತಗಳು ಮಾತ್ರ ಮಕ್ಕಳಿರುವ ಮನೆಯಲ್ಲಿ ಕೈಗೆ ಸಿಗುವಂತೆ ಇರಲೇಬಾರದು. ಎರಡು ಆಯಸ್ಕಾಂತಗಳನ್ನು ನುಂಗಿದರೆ ಅವು ಕರುಳಿನ ಗೋಡೆಯ ಆಚೀಚೆ ಒಂದನ್ನೊಂದು ಹಿಡಿದುಕೊಂಡು ಕರುಳನ್ನೇ ತೂತು ಮಾಡಬಲ್ಲವು.

ಉತ್ತರ: ವಿಜ್ಞಾನ ಉಪನ್ಯಾಸಕಿ, ದಾವಣಗೆರೆ

ಮೇಡಂ, ಎಣಿಕೆಯ ಬಗ್ಗೆ ಮೇಷ್ಟ್ರು ಹೇಳಿದ ಮೇಲೆ ನಾನು ಸೇರಿಸಬೇಕಾದ್ದು ಏನೂ ಇಲ್ಲ. ವಿಜ್ಞಾನದ ಕಡೆಗೆ ಬರುತ್ತೇನೆ.

ಮೊದಲು ಜ್ವಾಲಾಮುಖಿಯ ವಿಷಯ. ಅಡುಗೆ ಸೋಡಾಕ್ಕೆ ನಿಂಬೆರಸ ಹಾಕಿ ನೊರೆ ಬರಿಸುವುದರಲ್ಲಿ ತೊಂದರೆಯೇನೂ ಇಲ್ಲ, ಒಂದು ಸಲ ಮಾಡಿಸಿ. ಆದರೆ ಅಲ್ಲಿ ಮಗು ಪ್ರೇಕ್ಷಕನಾಗಿಯೇ ಉಳಿಯುತ್ತದೆ. "ಮತ್ತೊಮ್ಮೆ" ಎಂಬುದನ್ನು ಬಿಟ್ಟು ಬೇರೆ ಪ್ರಶ್ನೆ ಅದರಿಂದ ಹುಟ್ಟುವುದು ಕಡಿಮೆ. ಅದನ್ನೇ ಪ್ರಯೋಗವಾಗಿಸಬೇಕೆಂದರೆ ಮೂರು ಲೋಟಗಳಲ್ಲಿ ಒಂದೊಂದು ಚಮಚ ಸೋಡಾ ಇಟ್ಟು, ಒಂದಕ್ಕೆ ನೀರು, ಒಂದಕ್ಕೆ ನಿಂಬೆರಸ, ಇನ್ನೊಂದಕ್ಕೆ ಹುಳಿ ಮಜ್ಜಿಗೆ ಹಾಕಿಸಿ, ಹಾಕುವ ಮೊದಲು ಏನಾಗಬಹುದೆಂದು ಮಗನಿಂದ ಹೇಳಿಸಿ. ನಾನು ಒತ್ತಿ ಹೇಳಬೇಕೆಂದಿರುವುದು ಇದೊಂದನ್ನೇ: ಮಗು ಮೊದಲು ಊಹೆ ಹೇಳಬೇಕು, ಆಮೇಲೆ ಮಾಡಿ ನೋಡಬೇಕು, ಕಂಡದ್ದನ್ನು ತನ್ನ ಮಾತಿನಲ್ಲಿ ಹೇಳಬೇಕು. ಊಹೆ ಹೇಳಿದ ಮಗು ನೋಡುವ ರೀತಿಯೇ ಬೇರೆ. ವಿವರಣೆ ಕೊಡುವ ಆತುರ ನಮಗೆ ಬೇಡ.

ದಾವಣಗೆರೆಯಲ್ಲಿದ್ದುಕೊಂಡು ಮಂಡಕ್ಕಿಯನ್ನು ಬಿಟ್ಟು ಬೇರೆ ಸಾಮಗ್ರಿ ಹುಡುಕುವ ಅಗತ್ಯವೇ ಇಲ್ಲ. ಬಟ್ಟೆ ನೇತುಹಾಕುವ ಹ್ಯಾಂಗರಿನ ಎರಡು ತುದಿಗೆ ಸಮ ಉದ್ದದ ದಾರದಿಂದ ಎರಡು ಹಗುರ ಪ್ಲಾಸ್ಟಿಕ್ ಡಬ್ಬಿಗಳನ್ನು ಕಟ್ಟಿ, ಬಾಗಿಲ ಚಿಲಕಕ್ಕೆ ತೂಗುಹಾಕಿದರೆ ತಕ್ಕಡಿ ಸಿದ್ಧವಾಗುತ್ತದೆ. ಒಂದು ಚಿಕ್ಕ ಲೋಟದ ತುಂಬ ಅಕ್ಕಿ ಒಂದು ಡಬ್ಬಿಗೆ, ಅದೇ ಲೋಟದ ತುಂಬ ಮಂಡಕ್ಕಿ ಇನ್ನೊಂದಕ್ಕೆ. ಹಾಕುವ ಮೊದಲು "ಎರಡೂ ಒಂದೇ ಲೋಟ ಅಲ್ಲವೇ, ತಕ್ಕಡಿ ಏನು ಮಾಡುತ್ತದೆ?" ಎಂದು ಇಬ್ಬರನ್ನೂ ಕೇಳಿ. ಅಕ್ಕಿಯ ಕಡೆ ಕೆಳಗಿಳಿದ ಮೇಲೆ, ಸಮತೂಕ ಬರುವವರೆಗೆ ಮಂಡಕ್ಕಿಯನ್ನು ಲೋಟ ಲೋಟವಾಗಿ ಹಾಕುತ್ತ ಎಣಿಸಲಿ. ಡಬ್ಬಿ ಸಾಲದಿದ್ದರೆ ಅಕ್ಕಿಯನ್ನು ಕಡಿಮೆ ಮಾಡಿಕೊಳ್ಳಿ. ಎಷ್ಟು ಲೋಟ ಬೇಕಾಗುತ್ತದೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಮಕ್ಕಳೇ ಕಂಡುಕೊಳ್ಳಬೇಕಾದ ಸಂಖ್ಯೆ. ಕಾರಣ ನಿಮಗೆ ತಿಳಿದಿರಲಿ: ಕುದಿಸಿ ಒಣಗಿಸಿದ ಅಕ್ಕಿಯನ್ನು ಭಟ್ಟಿಯಲ್ಲಿ ಕಾದ ಮರಳಿಗೆ ಹಾಕಿದಾಗ ಕಾಳಿನೊಳಗೆ ಉಳಿದ ತೇವ ಒಮ್ಮೆಲೇ ಆವಿಯಾಗಿ ಹಿಗ್ಗುತ್ತದೆ, ಮೆತ್ತಗಾದ ಪಿಷ್ಟವನ್ನು ಉಬ್ಬಿಸಿ ಒಳಗೆಲ್ಲ ಗಾಳಿಯ ಗೂಡುಗಳನ್ನು ಮಾಡುತ್ತದೆ. ಕಾಳು ದೊಡ್ಡದಾಯಿತೇ ಹೊರತು ತೂಕ ಹೆಚ್ಚಲಿಲ್ಲ.

ಅದೇ ಸಂಜೆ ಒಗ್ಗರಣೆ ಮಂಡಕ್ಕಿ ಮಾಡುವಾಗ ಎರಡನೆಯ ಭಾಗ ತಾನಾಗಿ ಒದಗುತ್ತದೆ. ಬೋಗುಣಿಯ ತುಂಬ ಇದ್ದ ಮಂಡಕ್ಕಿ ನೀರಿನ ಮೇಲೆ ಮೊದಲು ತೇಲುತ್ತದೆ, ನೆನೆಸಿ ಹಿಂಡಿದರೆ ಕುಗ್ಗಿ ಬೋಗುಣಿಯ ತಳಕ್ಕೆ ಸೇರುತ್ತದೆ. "ಉಳಿದ ಮಂಡಕ್ಕಿ ಎಲ್ಲಿ ಹೋಯಿತು?" ಎಂದು ಮಗಳೇ ಕೇಳಬಹುದು. ಗಾಳಿ ಹೋಗಿ ನೀರು ಬಂದು ಗೂಡುಗಳು ಕುಸಿದವು ಎಂದು ಹೇಳುವ ಮೊದಲು, ಅವಳೇನು ಹೇಳುತ್ತಾಳೆ ಕೇಳಿಸಿಕೊಳ್ಳಿ.

ತೇಲುವ ಮುಳುಗುವ ಆಟಕ್ಕೆ ಕಿತ್ತಳೆ ಒಳ್ಳೆಯದು. ಸಿಪ್ಪೆ ಸಹಿತ ಹಣ್ಣು ತೇಲುತ್ತದೆ, ಸುಲಿದದ್ದು ಮುಳುಗುತ್ತದೆ. ಹಗುರವಾದದ್ದು ತೇಲುತ್ತದೆ ಎಂದು ನಂಬಿದ ಮಗನಿಗೆ ಇದು ನಿಜವಾದ ತೊಡಕು, ಏಕೆಂದರೆ ಸುಲಿದ ಮೇಲೆ ಹಣ್ಣು ಇನ್ನೂ ಹಗುರವಾಗಿರುತ್ತದೆ. ಸಿಪ್ಪೆಯನ್ನು ಬೆಳಕಿಗೆ ಹಿಡಿದು, ಒಡೆದು, ಒಳಗಿನ ಬಿಳಿ ಭಾಗವನ್ನು ಬೆರಳಿಂದ ಒತ್ತಿ ನೋಡಿದರೆ ಅದು ಗಾಳಿ ತುಂಬಿದ ಸ್ಪಂಜಿನ ಹಾಗಿರುವುದು ತಿಳಿಯುತ್ತದೆ.

ನಿಮ್ಮ ಅತ್ತೆಯವರಿಗೆ ತಿಳಿಯದ್ದೇನೂ ಇಲ್ಲ. ಆರತಿಯ ಓಕುಳಿ ನೀರಿಗೆ ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ ಎಂಬುದು ಅವರಿಗೆ ಕರತಲಾಮಲಕ. ಸುಣ್ಣವನ್ನು ಅವರೇ ಕೈಯಾರೆ ಹಾಕಲಿ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಮಕ್ಕಳ ಕೈಗೆ ಸುಣ್ಣದ ಬದಲು ಸೋಪಿನ ನೀರು ಕೊಟ್ಟರೂ ಸಾಕು. ಕೆಂಪಾದ ನೀರಿಗೆ ನಿಂಬೆರಸ ಹಿಂಡಿದರೆ ಹಳದಿ ಮರಳುತ್ತದೆ. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಗಳನ್ನು ಮಾಡಿಟ್ಟುಕೊಂಡರೆ ಮಗ ಮನೆಯಲ್ಲಿರುವ ಹಾಲು, ಮಜ್ಜಿಗೆ, ಸೋಡಾ ನೀರು, ಶಾಂಪೂ ಎಲ್ಲದರ ಹನಿ ಹಾಕಿ ಯಾವುದು ಕೆಂಪು ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂದು ವಿಂಗಡಿಸಬಹುದು. ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿದ ರಸ ಇನ್ನೂ ಸೊಗಸು: ಹುಳಿಗೆ ಗಾಢ ಗುಲಾಬಿ, ಸೋಪಿನ ನೀರಿಗೆ ಹಸಿರು. ಶೌಚಾಲಯ ತೊಳೆಯುವ ಆಮ್ಲವನ್ನು ಮಾತ್ರ ಇದಕ್ಕೆ ತರಲೇಬಾರದು.

ಎಣಿಕೆಯೂ ವಿಜ್ಞಾನವೂ ಒಟ್ಟಿಗೆ ಸೇರುವುದು ಹೆಸರುಕಾಳಿನ ಮೊಳಕೆಯಲ್ಲಿ. ಮೂರು ಬಟ್ಟಲು, ಪ್ರತಿಯೊಂದಕ್ಕೂ ಎಣಿಸಿ ಹತ್ತು ಕಾಳು. ಒಂದರಲ್ಲಿ ಒಣ ಬಟ್ಟೆಯ ಮೇಲೆ, ಇನ್ನೊಂದರಲ್ಲಿ ಒದ್ದೆ ಬಟ್ಟೆಯ ಮೇಲೆ, ಮೂರನೆಯದರಲ್ಲಿ ನೀರಿನೊಳಗೆ ಪೂರ್ತಿ ಮುಳುಗಿಸಿ. ದಿನವೂ ಒಂದೇ ಹೊತ್ತಿಗೆ ಪ್ರತಿ ಬಟ್ಟಲಿನಲ್ಲಿ ಎಷ್ಟು ಮೊಳೆತಿವೆ ಎಂದು ಎಣಿಸಿ ಬರೆಯಲಿ. ಮಗಳು ಅಂಕಿ ಬರೆಯುವ ಅಗತ್ಯವಿಲ್ಲ, ಮೊಳೆತ ಕಾಳಿಗೊಂದು ಗೀಟು ಎಳೆದರೆ ಆಯಿತು. ಮುಳುಗಿದ ಕಾಳುಗಳಲ್ಲಿ ಕೆಲವು ಬಾಯಿ ಬಿಟ್ಟರೂ ಗಾಳಿ ಸಾಲದೆ ಹೆಚ್ಚಾಗಿ ಮುಂದೆ ಬೆಳೆಯದೆ ಕೊಳೆಯುತ್ತವೆ. ನೀರು ಬೇಕು ಎಂದು ಓದಿದ ಮಗನಿಗೆ ನೀರು ಹೆಚ್ಚಾದರೂ ಆಗದು ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ನಮ್ಮ ರೈತರು ಬಿತ್ತನೆಗೆ ಮೊದಲು ನೂರು ಕಾಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು ಮೊಳೆತವನ್ನು ಎಣಿಸಿ ಬೀಜದ ಗುಣ ತಿಳಿಯುವುದೂ ಇದೇ ಪ್ರಯೋಗ.

ಒಂದು ಪ್ರಯೋಗವನ್ನು ಮಾಡಿಸುವಾಗ ಎಚ್ಚರ. ತಟ್ಟೆಯ ನೀರಿನಲ್ಲಿ ಉರಿಯುವ ಮೇಣದಬತ್ತಿಗೆ ಲೋಟ ಮುಚ್ಚಿದಾಗ ನೀರು ಒಳಗೆ ಏರುವುದು ಪ್ರಾಣವಾಯು ಖರ್ಚಾಗಿ ಅದರ ಜಾಗ ಖಾಲಿಯಾದ್ದರಿಂದ ಎಂದು ಬಹಳ ಕಡೆ ಹೇಳಿಕೊಡುತ್ತಾರೆ. ಅದು ಸರಿಯಲ್ಲ. ಉರಿಯ ಶಾಖಕ್ಕೆ ಹಿಗ್ಗಿದ್ದ ಗಾಳಿ ಬತ್ತಿ ಆರಿದ ಮೇಲೆ ತಣಿದು ಕುಗ್ಗುವುದೇ ಮುಖ್ಯ ಕಾರಣ; ನೀರು ಭರದಿಂದ ಏರುವುದು ಬತ್ತಿ ಆರಿದ ಕ್ಷಣದಲ್ಲಿ ಎಂಬುದನ್ನು ಗಮನಿಸಿದರೆ ಮಕ್ಕಳಿಗೂ ಅನುಮಾನ ಬರುತ್ತದೆ. ತಪ್ಪು ಕಾರಣವನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಕಾರಣ ಹೇಳದೆ ಬಿಡುವುದು ಎಷ್ಟೋ ಮೇಲು.

ಉತ್ತರ: ಹರಿಹರದ ತಂದೆ

ಎಲ್ಲರ ಮಾತನ್ನೂ ಗೌರವಿಸುತ್ತೇನೆ, ಆದರೂ ಒಂದು ಸಂದೇಹವನ್ನು ಹೇಳಲೇಬೇಕು. ನಮ್ಮ ತಂದೆಯವರ ಕಾಲದಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ ಹೇಳಿಸುತ್ತಿದ್ದರು. ಕಾಲು, ಅರೆ, ಮುಕ್ಕಾಲರ ಮಗ್ಗಿಯೂ ಅವರಿಗೆ ಬರುತ್ತಿತ್ತು. ಇವತ್ತಿಗೂ ಸಂತೆಯಲ್ಲಿ ಲೆಕ್ಕಕ್ಕೆ ಅವರಿಗೆ ಮೊಬೈಲು ಬೇಡ. ಬಾಯಿಪಾಠವನ್ನು ಪೂರ್ತಿ ತಳ್ಳಿಹಾಕಿದರೆ ಮಕ್ಕಳಿಗೆ ನಷ್ಟವಲ್ಲವೇ? ಶಾಲೆಯಲ್ಲಿ ಐವತ್ತರವರೆಗೆ ಬರೆದು ತರಲು ಹೇಳುತ್ತಾರೆ. ಮನೆಯಲ್ಲಿ ಆಟವಾಡಿಸುತ್ತ ಕೂತರೆ ಮಗು ಅಲ್ಲಿ ಹಿಂದೆ ಬೀಳುತ್ತದೆ.

ಉತ್ತರ: ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ, ಚಿತ್ರದುರ್ಗ

ಮಗ್ಗಿಯನ್ನು ನಾನು ತಳ್ಳಿಹಾಕುವುದಿಲ್ಲ ಸ್ವಾಮಿ. ನನ್ನ ತರಗತಿಯಲ್ಲಿ ಕೊನೆಯವರೆಗೂ ಮಗ್ಗಿ ಹೇಳಿಸಿದ್ದೇನೆ. ನಿಮ್ಮ ತಂದೆಯವರಿಗೆ ಅದು ಫಲಿಸಿದ್ದು ಅವರ ಕೈಯಲ್ಲಿ ಸೇರು, ಪಾವು, ಚಟಾಕು ದಿನವೂ ಆಡುತ್ತಿದ್ದುದರಿಂದ. ಕಾಲು ಎಂದಾಗ ಅವರ ಕಣ್ಣ ಮುಂದೆ ಪಾವು ಬರುತ್ತಿತ್ತು. ನಾಲ್ಕು ಪಾವು ಸುರಿದರೆ ಸೇರು ತುಂಬುತ್ತದೆ, ಎರಡು ಪಾವು ಅಚ್ಚೇರು ಎಂದು ಇಂದಿನ ಮಗುವಿಗೂ ಅಕ್ಕಿ ಅಳೆದು ತೋರಿಸಿ. ಭಿನ್ನರಾಶಿಯ ಪಾಠ ಬಂದಾಗ ಅದು ತಡಕಾಡುವುದಿಲ್ಲ. ಈ ಕೆಲಸಕ್ಕೆ ಪ್ರಶ್ನೆ ಕೇಳಿದ ತಾಯಿಯ ಅತ್ತೆಯವರೇ ತಕ್ಕ ಗುರು.

ಎರಡನೆಯ ತರಗತಿಯ ಹುಡುಗನಿಗೆ ನಾಲ್ಕರ ಮಗ್ಗಿ ಹೇಳಿಸುವ ಮೊದಲು ಇಡ್ಲಿಯ ಸ್ಟ್ಯಾಂಡನ್ನು ಬಿಡಿಸಿ ಮುಂದಿಡಿ. ನಾಲ್ಕು ಕುಳಿಯ ತಟ್ಟೆ ಒಂದಾದರೆ ನಾಲ್ಕು, ಎರಡಾದರೆ ಎಂಟು, ಮೂರಾದರೆ ಹನ್ನೆರಡು ಎಂದು ತಟ್ಟೆ ಪೇರಿಸುತ್ತ ಹೇಳಲಿ. ಮನೆಯಲ್ಲಿ ಐದು ಜನ, ತಲೆಗೆ ಮೂರು ಇಡ್ಲಿ ಎಂದರೆ ಎಷ್ಟು ತಟ್ಟೆ ಬೇಕು, ಕೊನೆಯ ತಟ್ಟೆಯಲ್ಲಿ ಎಷ್ಟು ಕುಳಿ ಖಾಲಿ ಉಳಿಯುತ್ತದೆ ಎಂದು ಕೇಳಿ ನೋಡಿ. ಆಮೇಲೆ ಬಾಯಿಪಾಠ ಮಾಡಿಸಿ, ಬೇಡವೆನ್ನುವುದಿಲ್ಲ. ಶಾಲೆಯವರು ಕೊಟ್ಟ ಬರವಣಿಗೆಯನ್ನೂ ಮಾಡಿಸಿ. ಆದರೆ ನಾಲ್ಕೂವರೆ ವರ್ಷದ ಬೆರಳು ಬೇಗ ದಣಿಯುತ್ತದೆ ಎಂದು ತಿಳಿದು, ಮರಳಿನಲ್ಲೋ ರಾಗಿ ಹಿಟ್ಟು ಹರಡಿದ ತಟ್ಟೆಯಲ್ಲೋ ಬೆರಳಾಡಿಸಿ ತಿದ್ದುವುದಕ್ಕೂ ಬಿಡಿ.

ಚೌಕಾಬಾರದ ಬಗ್ಗೆ ಯಾರೂ ಹೇಳಲಿಲ್ಲ. ಐದೈದರ ಇಪ್ಪತ್ತೈದು ಮನೆ, ನಾಲ್ಕು ಕವಡೆ. ಕವಡೆ ಇಲ್ಲದಿದ್ದರೆ ಒಂದು ಬದಿಯನ್ನು ಕಲ್ಲಿನ ಮೇಲೆ ತೇಯ್ದು ಬಿಳುಪು ಮಾಡಿದ ಹುಣಸೆ ಬೀಜಗಳು, ದೊಡ್ಡವರು ಜೊತೆಗಿದ್ದಾಗ. ಬಿಳಿ ಎಷ್ಟು ಮೇಲಿದೆಯೋ ಅಷ್ಟು ಮನೆ ನಡೆಸಬೇಕು, ನಾಲ್ಕೂ ಬಿಳಿಯಾದರೆ ಚೌಕ, ಎಲ್ಲವೂ ಕಪ್ಪಾದರೆ ಬಾರ, ಅಂದರೆ ಎಂಟು. ಮೂರು ಬಿಳಿ ಕಂಡ ಕೂಡಲೇ ಎಣಿಸದೆ "ಮೂರು" ಎನ್ನುವ ಅಭ್ಯಾಸ ಇದರಲ್ಲಿ ತಾನಾಗಿ ಬರುತ್ತದೆ. ಮಗಳಿಗೆ ಸುತ್ತು ಹಾಕುವ ಆ ಮನೆಗಳು ಗೊಂದಲವೆನಿಸಿದರೆ ನೆಲದ ಮೇಲೆ ಒಂದೇ ಸಾಲಿನಲ್ಲಿ ಹತ್ತು ಮನೆ ಬರೆದು ಎಡದಿಂದ ಬಲಕ್ಕೆ 1ರಿಂದ 10ರವರೆಗೆ ಅಂಕಿ ಹಾಕಿ. 2008ರಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಅಮೆರಿಕದಲ್ಲಿ ಬಡ ಮನೆಗಳ ಪುಟ್ಟ ಮಕ್ಕಳಿಗೆ ಇಂಥದೇ ಆಟವನ್ನು ನಾಲ್ಕೈದು ಸಲ, ಪ್ರತಿ ಸಲ ಹದಿನೈದಿಪ್ಪತ್ತು ನಿಮಿಷ ಆಡಿಸಿ, ಯಾವ ಸಂಖ್ಯೆ ದೊಡ್ಡದು, ಯಾವುದು ಎಲ್ಲಿ ಬರುತ್ತದೆ ಎಂಬ ತಿಳಿವಳಿಕೆ ಹೆಚ್ಚಿದ್ದನ್ನು ಕಂಡರು. ಒಂದು ಸೂಕ್ಷ್ಮವಿದೆ: ನಾಲ್ಕನೆಯ ಮನೆಯಲ್ಲಿರುವ ಕಾಯಿಯನ್ನು ಎರಡು ಮನೆ ನಡೆಸುವಾಗ "ಒಂದು, ಎರಡು" ಎನ್ನಬಾರದು, ಮನೆಯಲ್ಲಿ ಬರೆದಿರುವಂತೆ "ಐದು, ಆರು" ಎನ್ನಬೇಕು. ಆಟದ ಪ್ರಯೋಜನವೆಲ್ಲ ಅದರಲ್ಲಿದೆ, ಮತ್ತು ಮುಂದೆ ಕೂಡುವ ಲೆಕ್ಕಕ್ಕೆ ದಾರಿಯೂ ಅದೇ.

ಪ್ರತಿಕ್ರಿಯೆ: ವಿದ್ಯಾನಗರದ ತಾಯಿ

ಮಂಡಕ್ಕಿಯ ತಕ್ಕಡಿಯ ಮಾತು ಓದಿ ಹೇಳಿದ್ದರಿಂದ ಅತ್ತೆಯವರಿಗೆ ಬಹಳ ಉತ್ಸಾಹ ಬಂದಿದೆ. ಅಟ್ಟದಿಂದ ಹಳೆಯ ಪಾವು ಇಳಿಸಿದ್ದಾರೆ. ಕೊನೆಯದಾಗಿ ಒಂದು ವಿಷಯ ಕೇಳುತ್ತೇನೆ. ಮನೆಯ ಮೇಲೆ ತಾರಸಿ ಇದೆ. ಬಿಸಿಲು, ಮಳೆ ಇವುಗಳನ್ನು ಅಳೆದು ಬರೆದಿಡುವಂಥ ಕೆಲಸ ಏನಾದರೂ ಮಗನಿಗೆ ಕೊಡಬಹುದೇ?

ಉತ್ತರ: ವಿಜ್ಞಾನ ಉಪನ್ಯಾಸಕಿ, ದಾವಣಗೆರೆ

ಖಂಡಿತ ಕೊಡಬಹುದು. ಮಳೆಗೆ ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ, ಚಪ್ಪಟೆ ತಳದ ಪಾರದರ್ಶಕ ಡಬ್ಬಿ ಬೇಕು. ಉಪ್ಪಿನಕಾಯಿಯ ನೇರ ಜಾಡಿ ಆದೀತು, ಸೊಂಟ ಸಣ್ಣಗಿರುವ ನೀರಿನ ಬಾಟಲಿ ಆಗದು. ಹೊರಗೆ ಸ್ಕೇಲಿನ ಗುರುತು ಅಂಟಿಸಿ, ಗಾಳಿಗೆ ಬೀಳದಂತೆ ಎರಡು ಇಟ್ಟಿಗೆಗಳ ನಡುವೆ, ಗೋಡೆ ಮರಗಳಿಂದ ದೂರದಲ್ಲಿಟ್ಟು, ಪ್ರತಿ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆದು ಚೆಲ್ಲಿಬಿಡಲಿ. ಹವಾಮಾನ ಇಲಾಖೆಯವರು ದಿನದ ಮಳೆ ಲೆಕ್ಕ ಹಿಡಿಯುವುದೂ ಅದೇ ಹೊತ್ತಿಗೆ. ಡಬ್ಬಿ ಅಗಲವಿದ್ದರೂ ಕಿರಿದಾದರೂ ನೀರಿನ ಎತ್ತರ ಒಂದೇ ಬರುತ್ತದೆ ಎಂಬುದನ್ನು ಅವನು ನಂಬಲಾರ, ಎರಡು ಅಳತೆಯ ಡಬ್ಬಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಿ. ಒಂದು ಮಿಲಿಮೀಟರು ಮಳೆ ಎಂದರೆ ಒಂದು ಚದರ ಮೀಟರು ತಾರಸಿಯ ಮೇಲೆ ಒಂದು ಲೀಟರು ನೀರು. ತಾರಸಿಯ ಉದ್ದ ಅಗಲ ಅಳೆದರೆ ನಿಮ್ಮ ಮನೆಯ ಮೇಲೆ ಎಷ್ಟು ಕೊಡ ನೀರು ಬಿತ್ತೆಂದು ನೀವಿಬ್ಬರೂ ಸೇರಿ ಲೆಕ್ಕ ಹಾಕಬಹುದು. ಪತ್ರಿಕೆಯಲ್ಲಿ ಬರುವ ಭದ್ರಾ ಜಲಾಶಯದ ಮಟ್ಟವನ್ನೂ ಪಕ್ಕದಲ್ಲೇ ಬರೆಯಲಿ. ಅದರ ಪೂರ್ಣ ಮಟ್ಟ 186 ಅಡಿ, ಇನ್ನೆಷ್ಟು ಅಡಿ ಬಾಕಿ ಎಂಬುದು ಅವನ ವಯಸ್ಸಿಗೆ ಸರಿಯಾದ ಕಳೆಯುವ ಲೆಕ್ಕ. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಎಂಬುದನ್ನೂ ಹೇಳಿ, ನಡುವೆ ಎಷ್ಟು ವರ್ಷ ಕಳೆಯಿತೆಂದು ಕೇಳಿ.

ಬಿಸಿಲಿಗೆ ಬೇಕಾದ್ದು ನೆಟ್ಟಗೆ ನಿಲ್ಲುವ ಒಂದು ಕೋಲು ಮತ್ತು ಸೀಮೆಸುಣ್ಣ. ಮರಳು ತುಂಬಿದ ಡಬ್ಬಿಯಲ್ಲಿ ಕೋಲು ನೆಟ್ಟು, ರಜಾದಿನ ಗಂಟೆಗೊಮ್ಮೆ ನೆರಳಿನ ತುದಿಗೆ ಗುರುತು ಹಾಕಿ ಉದ್ದವನ್ನು ದಾರದಿಂದ ಅಳೆದು ಕತ್ತರಿಸಿಟ್ಟರೆ, ಆ ದಾರಗಳನ್ನು ಉದ್ದದ ಪ್ರಕಾರ ಜೋಡಿಸುವ ಕೆಲಸ ಮಗಳದ್ದು. ನೆರಳು ಅತ್ಯಂತ ಗಿಡ್ಡವಾಗುವುದು ಸರಿಯಾಗಿ ಹನ್ನೆರಡು ಗಂಟೆಗಲ್ಲ ಎಂಬುದನ್ನು ಮಗ ಗಮನಿಸುತ್ತಾನೆ. ನಮ್ಮ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ತೋರಿಸುತ್ತವೆ, ದಾವಣಗೆರೆ ಇರುವುದು ಸುಮಾರು 76 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮ್ಮ ನೆತ್ತಿಯ ಸಾಲಿಗೆ ಬರುವುದು ಸುಮಾರು ಇಪ್ಪತ್ತಾರು ನಿಮಿಷ ತಡ, ಋತುವಿಗೆ ತಕ್ಕಂತೆ ಸ್ವಲ್ಪ ಹಿಂದೆ ಮುಂದೆ. ಏಪ್ರಿಲ್ ಕೊನೆಯ ದಿನಗಳಲ್ಲಿ ಮತ್ತು ಆಗಸ್ಟ್ ನಡುಭಾಗದ ಆಸುಪಾಸಿನಲ್ಲಿ ಸೂರ್ಯ ನಮ್ಮ ಊರಿನ ನೆತ್ತಿಯ ಮೇಲೆಯೇ ಹಾಯುವುದರಿಂದ ಆಗ ನೆಟ್ಟಗಿನ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟಿನಲ್ಲಿ ಮೋಡ ಅಡ್ಡ ಬರುವ ಸಂಭವ ಹೆಚ್ಚು; ಏಪ್ರಿಲ್ 25ರಿಂದಲೇ ಮಧ್ಯಾಹ್ನ ಹನ್ನೆರಡೂ ಕಾಲಿಗೆ ತಾರಸಿ ಹತ್ತಿ, ಹನ್ನೆರಡೂವರೆಯವರೆಗೆ ಐದೈದು ನಿಮಿಷಕ್ಕೆ ಗುರುತು ಹಾಕಿಸಿ. ಕಾಲಿಗೆ ಚಪ್ಪಲಿ, ತಲೆಗೆ ಬಟ್ಟೆ ಇರಲಿ, ಸೂರ್ಯನನ್ನು ಇಬ್ಬರೂ ನೇರವಾಗಿ ನೋಡದಂತೆ ನೀವು ಪಕ್ಕದಲ್ಲೇ ಇರಿ.